ಜಿಂಕೆ ಟ್ಯಾಕ್ಸಿಡರ್ಮಿ ಕಲಿಬೇಕು, ಮಂಗಳೂರು ಉಡುಪಿ ಕಡೆ ಎಲ್ಲಿಂದ ಶುರು ಮಾಡುದು?

ಕಾಪು ಮೂರ್ತಿ ಕೆಲಸ:
ಎಲ್ಲರಿಗೂ ನಮಸ್ಕಾರ. ನನ್ನ ಊರು ಕಾಪು, ಶಿಲ್ಪಕಲೆ ಕಲ್ತವ, ಚೌತಿ ಹತ್ರ ಬಂದಾಗ ಗಣಪತಿ ಮೂರ್ತಿ ಕೆಲಸ, ಉಳಿದ ದಿನ ಮಂಗಳೂರಲ್ಲಿ ಎಕ್ಸಿಬಿಷನ್‌ಗೆ ಫೈಬರ್ ಮಾಡೆಲ್ ಮಾಡಿ ಕೊಡುದು. ಸುಮಾರು ಸಮಯದಿಂದ ಯೂಟ್ಯೂಬಲ್ಲಿ ಅಮೆರಿಕದವರು ಜಿಂಕೆ ತಲೆಯನ್ನು ಭುಜದವರೆಗೆ ಟ್ಯಾಕ್ಸಿಡರ್ಮಿ ಮಾಡುದು ನೋಡ್ತಾ ಇದ್ದೇನೆ, ಒಳಗೆ ಫೋಮಿನ ಆಕಾರ, ಅದರ ಮೇಲೆ ಹದ ಮಾಡಿದ ಚರ್ಮ, ಗಾಜಿನ ಕಣ್ಣು, ಕೊನೆಗೆ ಮೂಗಿಗೆ ಬಣ್ಣ, ನೋಡಿ ನೋಡಿ ಈ ಕೆಲಸ ನಾನು ಕಲೀಲೇಬೇಕು ಅಂತ ಆಗಿಬಿಟ್ಟಿದೆ. ಬೇಟೆಯ ಆಸೆ ನನಗಿಲ್ಲ, ಪ್ರಾಣಿ ಕೊಲ್ಲುದು ನನಗೆ ಬೇಡವೇ ಬೇಡ. ಸತ್ತ ಪ್ರಾಣಿಯ ಮುಖದಲ್ಲಿ ಅದು ಬದುಕಿದ್ದಾಗ ಇದ್ದ ಎಚ್ಚರ ಪುನಃ ತರ್ತಾರಲ್ಲ, ಆ ಕೈಚಳಕ ಬೇಕು ನನಗೆ.

ಕೇಳ್ಲಿಕ್ಕೆ ಇರುದು ಇಷ್ಟು. ಇಲ್ಲಿ ಯಾರಾದ್ರೂ ಕಲಿಸುವವರು ಇದ್ದಾರಾ? ಚರ್ಮ ಎಲ್ಲಿಂದ ತರುದು? ನಮ್ಮ ಈ ಸೆಕೆ, ಮಳೆಗೆ ಚರ್ಮ ಹಾಳಾಗದ ಹಾಗೆ ಹದ ಮಾಡುದು ಹೇಗೆ? ಮತ್ತೆ ಬೆಳ್ತಂಗಡಿ ಕಡೆ ನಮ್ಮ ಸಂಬಂಧಿಕರ ತೋಟದಲ್ಲಿ ಉದುರಿ ಬಿದ್ದ ಜಿಂಕೆ ಕೊಂಬು ಒಂದು ಜೊತೆ ಉಂಟಂತೆ, ಬೇಕಾದ್ರೆ ತಕೊಂಡು ಹೋಗು ಅಂತಿದ್ದಾರೆ. ಅದ್ರಿಂದ ಶುರು ಮಾಡ್ಬಹುದಾ?

ಹಂಪನಕಟ್ಟೆ ವಕೀಲ:
ಕೊನೆಯ ಪ್ರಶ್ನೆಗೆ ಮೊದ್ಲು ಉತ್ತರ, ಆ ಕೊಂಬನ್ನು ಮನೆಗೆ ತರ್ಬೇಡಿ ಮಾರಾಯ್ರೆ. ಚುಕ್ಕೆ ಜಿಂಕೆ, ಕಡವೆ ಎಲ್ಲ ಕೊಂಬು ಉದುರಿಸಿ ಪುನಃ ಬೆಳೆಸ್ತವೆ, ಅದು ತಾನಾಗಿ ಉದುರಿದ್ದೇ ಇರ್ಬಹುದು, ಒಪ್ಪಿದೆ. ಆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಟ್ರೋಫಿ ಅಂದ್ರೆ ಎಂತ ಅಂತ ಹೇಳುವ ಕಡೆ ಕೊಂಬು, ಎಲುಬು, ಕೂದಲು, ಉಗುರು, ಹಲ್ಲು ಎಲ್ಲ ಸೇರಿಸಿದ್ದಾರೆ, ಟ್ಯಾಕ್ಸಿಡರ್ಮಿ ಮಾಡಿದ ಚರ್ಮವೂ ಅದ್ರಲ್ಲೇ ಬರ್ತದೆ. ಉದುರಿದ್ದಾ ಕೊಂದದ್ದಾ ಅಂತ ಅವರು ಕೇಳುದು ಆಮೇಲೆ, ನಿಮ್ಮ ಮನೆಯಲ್ಲಿ ಸಿಕ್ಕಿತಲ್ಲ, ಅಷ್ಟೇ ಸಾಕು ಕೇಸಿಗೆ. ರಸ್ತೆಯಲ್ಲಿ ಗಾಡಿ ಹೊಡೆದು ಸತ್ತ ಜಿಂಕೆಯೂ ಹಾಗೆಯೇ, ಸತ್ತು ಸಿಕ್ಕಿದ ಕಾಡುಪ್ರಾಣಿ 39ನೇ ಸೆಕ್ಷನ್ ಪ್ರಕಾರ ಸರ್ಕಾರದ ಸೊತ್ತು, ಹಾಳಾಗಿ ಹೋಗುದಕ್ಕಿಂತ ನಾನು ಚರ್ಮ ತೆಗ್ದೆ ಅಂದ್ರೆ ಕೋರ್ಟಲ್ಲಿ ನಡೆಯುದಿಲ್ಲ. ಕಂಡ್ರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಫೋನ್ ಮಾಡಿ, ಅಷ್ಟೇ. ಟ್ಯಾಕ್ಸಿಡರ್ಮಿಸ್ಟ್ ಆಗಿ ಕಾಡುಪ್ರಾಣಿ ಕೆಲಸ ಮಾಡ್ಲಿಕ್ಕೆ 44ನೇ ಸೆಕ್ಷನಿನ ಲೈಸೆನ್ಸ್ ಬೇಕು, ಅದನ್ನು ಹವ್ಯಾಸಕ್ಕೆ ಅಂತ ಕೇಳಿದವರಿಗೆಲ್ಲ ಕೊಡುದಿಲ್ಲ. ಶಿಕ್ಷೆ ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು, 2022ರ ತಿದ್ದುಪಡಿ ಆದ ಮೇಲೆ ದಂಡ 1 ಲಕ್ಷದವರೆಗೆ, ಒಂದನೇ ಶೆಡ್ಯೂಲಿನ, ಅಂದ್ರೆ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ ಆದ್ರೆ ಕಡಿಮೆ ಅಂದ್ರೂ 3 ವರ್ಷ, ಹೆಚ್ಚಂದ್ರೆ 7. 2023ರಲ್ಲಿ ಹುಲಿಯುಗುರಿನ ಲಾಕೆಟ್ ಹಾಕಿದ್ದಕ್ಕೆ ಒಬ್ಬ ಸ್ಪರ್ಧಿಯನ್ನು ಟಿವಿ ಶೋದಿಂದಲೇ ಕರ್ಕೊಂಡು ಹೋದದ್ದು ನಿಮಗೆ ನೆನಪಿರ್ಬಹುದು.

ಇಷ್ಟೆಲ್ಲ ಹೇಳಿದ್ದು ನಿಮ್ಮ ಆಸೆಗೆ ನೀರು ಹಾಕ್ಲಿಕ್ಕೆ ಅಲ್ಲ. ಆಡು, ಕುರಿ, ಕೋಳಿ ಸಾಕುಪ್ರಾಣಿ, ಈ ಕಾಯ್ದೆ ಒಳಗೆ ಬರುದೇ ಇಲ್ಲ. ಅಲ್ಲಿಂದ ಶುರು ಮಾಡಿ, ನಿದ್ರೆಯಾದ್ರೂ ಬರ್ತದೆ.

ಕುಂದಾಪ್ರದವ ವಿಸ್ಕಾನ್ಸಿನ್:
ವಕೀಲರು ಹೇಳಿದ್ದು ಸರಿ. ನಾನು ಇಲ್ಲಿ ಒಂದು ಟ್ಯಾಕ್ಸಿಡರ್ಮಿ ಅಂಗಡಿಯಲ್ಲಿ ವಾರಾಂತ್ಯ ಕೆಲಸ ಮಾಡ್ತೆ, ಇಲ್ಲಿ ನವೆಂಬರ್‌ನಲ್ಲಿ 9 ದಿನ ಬಂದೂಕಿನ ಬೇಟೆ ಸೀಸನ್, ಬಿಳಿಬಾಲದ ಜಿಂಕೆ ಸಂಖ್ಯೆ ತುಂಬ ಹೆಚ್ಚಿರುದ್ರಿಂದ ಸರ್ಕಾರವೇ ಪರ್ಮಿಟ್ ಕೊಟ್ಟು ಹೊಡೆಸ್ತದೆ, ಆ ವಾರ ಅಂಗಡಿ ಫ್ರೀಜರ್ ತುಂಬಿ ಹೋಗ್ತದೆ. ಅದೇ ವಿಡಿಯೋ ನೀವು ನೋಡುದು. ಆ ಪದ್ಧತಿ ಆ ನೆಲಕ್ಕೆ, ನಮ್ಮ ಊರಿಗೆ ಅದು ಹೊಂದುದಿಲ್ಲ, ಹೊಂದ್ಬೇಕು ಅಂತಲೂ ನನಗಿಲ್ಲ. ಆದ್ರೆ ಕೆಲಸದ ಕ್ರಮ ಎಲ್ಲಿಯಾದ್ರೂ ಒಂದೇ, ಜಿಂಕೆಯದ್ದು ಹೇಳ್ತೆ, ನೀವು ಆಡಿಗೆ ಹೊಂದಿಸಿಕೊಳ್ಳಿ.

ಚರ್ಮ ತೆಗೆಯುವ ಮೊದ್ಲು ಅಳತೆ. ಮೂಗಿನ ತುದಿಯಿಂದ ಕಣ್ಣಿನ ಮುಂದಿನ ಮೂಲೆಗೆ ಎಷ್ಟು, ಕಿವಿಯ ಹಿಂದೆ ಕುತ್ತಿಗೆ ಸುತ್ತಳತೆ ಎಷ್ಟು, ಇವೆರಡು ಇಲ್ಲದೆ ಯಾವ ಫೋಮ್ ಬೇಕು ಅಂತಲೇ ಗೊತ್ತಾಗುದಿಲ್ಲ. ಇಲ್ಲಿನ ದೊಡ್ಡ ಗಂಡು ಜಿಂಕೆಯಲ್ಲಿ ಮೊದಲ ಅಳತೆ 7 ಇಂಚು, 7.5 ಇಂಚು ಆಸುಪಾಸು ಬರ್ತದೆ. ಚರ್ಮವನ್ನು ಭುಜಕ್ಕಿಂತ ಎಷ್ಟೋ ಹಿಂದೆ ಕೊಯ್ದು, ಅಲ್ಲಿಂದ ಸಾಕ್ಸ್ ಕಳಚಿದ ಹಾಗೆ ಮುಂದಕ್ಕೆ ಎಳೀತಾರೆ, ಗಂಟಲಿನ ಹತ್ರ ಕತ್ತಿ ಮುಟ್ಟಿಸುದೇ ಇಲ್ಲ, ಯಾಕಂದ್ರೆ ಗೋಡೆಯಲ್ಲಿ ಎದುರಿಗೆ ಕಾಣುದೇ ಆ ಜಾಗ. ಕೊಂಬಿನ ಬುಡದಿಂದ ನೆತ್ತಿಯ ಹಿಂದಕ್ಕೆ ಮಾತ್ರ ಇಂಗ್ಲಿಷಿನ ವೈ ಅಕ್ಷರದ ಹಾಗೆ ಒಂದು ಕೊಯ್ತ. ಆಮೇಲೆ ಬರುದು ನಿಜವಾದ ನಾಜೂಕಿನ ಕೆಲಸ, ಕಿವಿಯನ್ನು ಒಳಗಿಂದ ತಿರುಗಿಸಿ ಮೃದು ಎಲುಬು ಬಿಡಿಸುದು, ತುಟಿ, ಕಣ್ಣರೆಪ್ಪೆ, ಮೂಗಿನ ಹೊಳ್ಳೆ ಇವನ್ನೆಲ್ಲ ಎರಡು ಪದರ ಆಗುವ ಹಾಗೆ ಸೀಳಿ ತೆಳು ಮಾಡುದು. ಅಲ್ಲಿ ಮಾಂಸ ಉಳಿದ್ರೆ ಉಪ್ಪು ಒಳಗೆ ಇಳಿಯುದಿಲ್ಲ, ಉಪ್ಪು ಇಳಿಯದಿದ್ರೆ ಬ್ಯಾಕ್ಟೀರಿಯಾ, ಮತ್ತೆ ಕೂದಲು ಕೈಯಲ್ಲಿ ಬರ್ತದೆ. ಒಮ್ಮೆ ಬುಡ ಸಡಿಲ ಆದ ಕೂದಲನ್ನು ಯಾವ ಮದ್ದಿಂದಲೂ ಹಿಡಿದು ನಿಲ್ಲಿಸ್ಲಿಕ್ಕೆ ಆಗುದಿಲ್ಲ.

ಉಪ್ಪು ಅಯೋಡಿನ್ ಇಲ್ಲದ್ದು, ಸಣ್ಣ ಹುಡಿ ಇರ್ಬೇಕು. ಬಂದರಲ್ಲಿ ಮೀನಿಗೆ ಹಾಕುವ ದಪ್ಪ ಉಪ್ಪು ಸಿಕ್ಕಿದ್ರೆ ಹುಡಿ ಮಾಡಿ ಹಾಕಿ. ಚರ್ಮದ ತೂಕದಷ್ಟೇ ಉಪ್ಪು, ಅಂಚಿನವರೆಗೆ ಉಜ್ಜಿ, ನೀರು ಹರಿದು ಹೋಗುವ ಹಾಗೆ ಇಳಿಜಾರಲ್ಲಿ ಇಟ್ಟು, ಒಂದು ದಿನ ಬಿಟ್ಟು ಕೊಡವಿ ಪುನಃ ಹೊಸ ಉಪ್ಪು. ಆಮೇಲೆ ಆಸಿಡ್ ನೀರಲ್ಲಿ ನೆನೆಸುದು, ಸಿಟ್ರಿಕ್ ಆಸಿಡ್ ಸಾಕು ಶುರುವಿಗೆ, ಹುಳಿ ಎಷ್ಟು ಅಂತ ತೋರಿಸುವ ಪಿಎಚ್ ಕಾಗದದಲ್ಲಿ ನೋಡ್ತಾ 2ಕ್ಕಿಂತ ಕೆಳಗೆ ಇಡ್ಬೇಕು, ಆ ನೀರಿಗೂ ಉಪ್ಪು ಹಾಕಲೇಬೇಕು, ಬರೀ ಆಸಿಡ್ ಆದ್ರೆ ಚರ್ಮ ಉಬ್ಬಿ ಹಾಳಾಗ್ತದೆ. 3 ದಿನ ಆದ ಮೇಲೆ ತೆಗ್ದು ಒಳಭಾಗ ತೆಳ್ಳಗೆ ಹೆರೆದು, ಪುನಃ ಒಂದು ದಿನ ನೆನೆಸಿ, ಅಡುಗೆ ಸೋಡಾ ನೀರಲ್ಲಿ 15 ರಿಂದ 20 ನಿಮಿಷ ಆಡಿಸಿ ಹುಳಿ ತೆಗ್ದು, ಆಮೇಲೆ ಹದ ಮಾಡುವ ಮದ್ದು, ಎಣ್ಣೆ. ಹೆರೆಯುದು ಬೇಜಾರಿನ ಕೆಲಸ ಅಂತ ಬಿಡ್ಬೇಡಿ, ಮುಖದ ಚರ್ಮ ದಪ್ಪ ಉಳಿದ್ರೆ ಕೆಳಗೆ ನೀವು ಎಷ್ಟು ಚಂದ ಮಣ್ಣಿನ ಕೆಲಸ ಮಾಡಿದ್ರೂ ಮೇಲೆ ಒಂದೂ ಕಾಣುದಿಲ್ಲ.

ಫೋಮಿಗೆ ಏರಿಸುವ ಮೊದ್ಲು ಕಣ್ಣು ಕೂರಿಸಿ ಸುತ್ತ ಕ್ಲೇ ಇಡ್ಬೇಕು. ಜಿಂಕೆ ಕಣ್ಣಿನ ಕರಿಪಾಪೆ ಅಡ್ಡ ಇರುದು, ಅದು ನೆಲಕ್ಕೆ ಸಮಾನಾಂತರ ಇರ್ಬೇಕು, ಮುಖ ಕೆಳಗೆ ಬಗ್ಗಿದ ಭಂಗಿ ಆದ್ರೂ ಕೂಡ. ಹೊಸಬರ ಕೆಲಸದಲ್ಲಿ ಪ್ರಾಣಿ ಗಾಬರಿ ಬಿದ್ದ ಹಾಗೆ ಕಾಣುದು ಹೆಚ್ಚಾಗಿ ಕಣ್ಣು ಮುಂದೆ ಉಬ್ಬಿ ಕೂತು, ಮೇಲಿನ ರೆಪ್ಪೆ ತೀರಾ ತೆರೆದು ಬಿಟ್ಟದ್ದರಿಂದ. ಅಂಟು ಹಚ್ಚಿ ಚರ್ಮ ಹಾಕಿ, ಹಿಂದೆ ಹೊಲಿದು, ರೆಪ್ಪೆ ತುಟಿ ಒಳಗೆ ತುರುಕಿ ಪಿನ್ನು ಹೊಡೆದು ಒಣಗ್ಲಿಕ್ಕೆ ಬಿಡುದು, ಇಲ್ಲಿ ಎರಡು ಮೂರು ವಾರ. ಒಣಗುವಾಗ ಚರ್ಮ ಎಳೆದುಕೊಳ್ತದೆ, ಅದಕ್ಕೆ ಮೊದಲ ವಾರ ಪ್ರತಿ ದಿನ ನೋಡಿ ಹಿಂದೆ ಒತ್ತುತ್ತಾ ಇರ್ಬೇಕು.

ಕಾರ್ಕಳ ದನದ ಡಾಕ್ಟ್ರು:
ವಿಸ್ಕಾನ್ಸಿನ್ ಅವರು ಚಂದ ಮಾಡಿ ಬರ್ದಿದ್ದಾರೆ. ಆಡಿನ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ಅಂಗಡಿಗೆ ಹೋಗಿ ಆಡಿನ ತಲೆ ಕೊಡಿ ಅಂದ್ರೆ ನಿಮಗೆ ಸಿಕ್ಕುದು ಕೂದಲು ಸುಟ್ಟ ತಲೆ, ಅದು ಪ್ರಯೋಜನಕ್ಕಿಲ್ಲ. ಹಿಂದಿನ ದಿನವೇ ಮಟನ್ ಸ್ಟಾಲಿನವರ ಹತ್ರ ಮಾತಾಡಿ, ಸುಡ್ಬಾರ್ದು, ತಲೆಯನ್ನು ಚರ್ಮದಿಂದ ಬೇರೆ ಮಾಡ್ಬಾರ್ದು, ಭುಜದ ಹಿಂದಿನವರೆಗೆ ಚರ್ಮ ತಲೆಯ ಜೊತೆಗೇ ಬೇಕು ಅಂತ ಬಿಡಿಸಿ ಹೇಳಿ, ಅವರ ಕೆಲಸ ನಿಧಾನ ಆಗ್ತದೆ, ಅದಕ್ಕೆ ದುಡ್ಡು ಸ್ವಲ್ಪ ಹೆಚ್ಚು ಕೊಡಿ. ಗಂಟಲಲ್ಲಿ ಕೊಯ್ದ ಗಾಯ ಇದ್ದೇ ಇರ್ತದೆ, ಅದನ್ನು ಹದ ಮಾಡುವ ಮೊದ್ಲು ಒಳಗಿಂದ ಹತ್ತಿರ ಹತ್ತಿರ ಹೊಲಿಗೆ ಹಾಕಿ ಮುಚ್ಚಿ, ಕುತ್ತಿಗೆಯ ಉದ್ದ ಕೂದಲಿನ ಆಡು ಆದ್ರೆ ಕಾಣುದೇ ಇಲ್ಲ.

ಕೊಂಬಿನ ವಿಷಯದಲ್ಲಿ ಮಾತ್ರ ಜಿಂಕೆ ಬೇರೆ, ಆಡು ಬೇರೆ. ಜಿಂಕೆಯದ್ದು ಗಟ್ಟಿ ಎಲುಬು, ವರ್ಷಕ್ಕೊಮ್ಮೆ ಉದುರುದು, ತಲೆಬುರುಡೆಯ ತುಂಡು ಸಮೇತ ಗರಗಸದಲ್ಲಿ ಕೊಯ್ದು ಫೋಮಿಗೆ ಸ್ಕ್ರೂ ಹಾಕ್ತಾರೆ. ಆಡಿನದ್ದು ಉದುರುದಿಲ್ಲ, ಒಳಗೆ ಎಲುಬಿನ ತಿರುಳು, ಮೇಲೆ ಉಗುರಿನ ಜಾತಿಯ ಪೊರೆ. ನೀರಲ್ಲಿ ನೆನೆಸಿ ಅಥವಾ ಹದ ಬಿಸಿಯಲ್ಲಿ ಕುದಿಸಿ ಆ ಪೊರೆ ಕಳಚಿ, ಒಳಗೆ ಶುದ್ಧ ಮಾಡಿ ಒಣಗಿಸಿ ಆಮೇಲೆ ಎಪಾಕ್ಸಿಯಲ್ಲಿ ಅಂಟಿಸ್ಬೇಕು, ಹಾಗೇ ಬಿಟ್ರೆ ಒಳಗಿನ ರಕ್ತ ಕೊಳೆತು ಮನೆಯಲ್ಲಿ ಇರ್ಲಿಕ್ಕಾಗದ ವಾಸನೆ. ಇನ್ನೊಂದು, ಜಿಂಕೆಗೆ ಕಣ್ಣಿನ ಮುಂದೆ ಒಂದು ಗ್ರಂಥಿಯ ಗುಳಿ ಉಂಟು, ಆಡಿಗೆ ಅದು ಇಲ್ಲ. ಹೊಟ್ಟೆಗೆ ಮೇವು ತಿಂದು ಮೆಲುಕು ಹಾಕುವ ಜಾತಿ ಎರಡೂ, ಅಡ್ಡ ಕರಿಪಾಪೆ, ಮೇಲಿನ ಎದುರು ಹಲ್ಲು ಇಲ್ಲದ ಬಾಯಿ, ತಿರುಗುವ ಕಿವಿ, ಇದೆಲ್ಲ ಒಂದೇ. ಹಾಗಾಗಿ ಆಡಲ್ಲಿ ಕಲ್ತ ಕೈ ವ್ಯರ್ಥ ಹೋಗುದಿಲ್ಲ.

ಆರೋಗ್ಯದ ವಿಷಯ ಸಸಾರ ಮಾಡ್ಬೇಡಿ ಅಂತ ಕೈ ಮುಗಿದು ಹೇಳ್ತೇನೆ. ಗ್ಲೌಸ್ ಇಲ್ಲದೆ ಮುಟ್ಟುದು ಬೇಡ. ರೋಗ ಬಂದು ತಾನಾಗಿ ಸತ್ತ ಆಡಿನ ಚರ್ಮ ಪುಕ್ಕಟೆ ಕೊಟ್ರೂ ಬೇಡ, ಆಂಥ್ರಾಕ್ಸ್ ಚರ್ಮದಿಂದ, ಕೂದಲಿಂದ ಮನುಷ್ಯರಿಗೆ ಬರುವ ರೋಗ, ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ರೋಗವೂ ಪ್ರಾಣಿಯಿಂದ ಮನುಷ್ಯರಿಗೆ ಬರುದೇ. ಕಾಡಲ್ಲಿ ಸತ್ತು ಬಿದ್ದದ್ದನ್ನು ಮುಟ್ಬಾರ್ದು ಅನ್ನುದಕ್ಕೆ ಕಾನೂನು ಬಿಟ್ಟೂ ಕಾರಣ ಉಂಟು, ಉಣ್ಣಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಗೊತ್ತಾದದ್ದು, ನಮ್ಮ ಘಟ್ಟದ ಬುಡದ ಊರುಗಳಿಗೂ ಅದು ಹೊಸತಲ್ಲ, ಹರಡುದು ಉಣ್ಣಿಯಿಂದಲೇ.

ಕಾಪು ಮೂರ್ತಿ ಕೆಲಸ:
ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ವಿವರ ಸಿಕ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ಕೊಂಬು ಬೇಡ ಅಂತ ಸಂಬಂಧಿಕರಿಗೆ ಫೋನ್ ಮಾಡಿ ಹೇಳಿದೆ, ರೇಂಜ್ ಆಫೀಸಿಗೆ ತಿಳಿಸ್ಲಿಕ್ಕೂ ಹೇಳಿದ್ದೇನೆ. ಆಡಿನಿಂದಲೇ ಶುರು ಮಾಡ್ತೇನೆ. ಈಗ ಎರಡು ಸಂಶಯ. ಆಡಿಗೆ ರೆಡಿ ಫೋಮ್ ಇಲ್ಲಿ ಸಿಕ್ಕುದಿಲ್ಲ, ನಾನೇ ಮಾಡ್ಬೇಕಾ? ಮತ್ತೆ ನಮ್ಮಲ್ಲಿ ಮದ್ದಲೆ, ಚೆಂಡೆಗೆ ಚರ್ಮ ಹಾಕುವವರು ಇದ್ದಾರೆ, ಅವರ ಹತ್ರ ಹದ ಮಾಡುದು ಕಲಿಬಹುದಾ?

ಕುಂದಾಪ್ರದವ ವಿಸ್ಕಾನ್ಸಿನ್:
ಮದ್ದಲೆಯವರ ಹತ್ರ ಖಂಡಿತ ಹೋಗಿ, ಚರ್ಮದ ಒಳಭಾಗ ಹೆರೆಯುವ ಕೈ ಅವರದ್ದು, ಯಾವ ಕಡೆ ದಪ್ಪ ಯಾವ ಕಡೆ ತೆಳು ಅಂತ ಬೆರಳಲ್ಲೇ ಗೊತ್ತಾಗ್ತದೆ ಅವರಿಗೆ. ಆದ್ರೆ ಅವರು ಕೂದಲು ಪೂರ್ತಿ ತೆಗ್ದು ಹಸಿ ಚರ್ಮ ಎಳೆದು ಒಣಗಿಸುವವರು, ಗಟ್ಟಿಯಾಗಿ ನಾದ ಬರ್ಬೇಕು ಅವರಿಗೆ. ನಮಗೆ ಕೂದಲು ಉಳಿದು ಚರ್ಮ ಮೆತ್ತಗೆ ಎಳೆಯುವ ಹಾಗೆ ಇರ್ಬೇಕು. ಹೆರೆಯುದು ಅವರಿಂದ ಕಲೀರಿ, ಮದ್ದಿನ ಭಾಗ ಬೇರೆ.

ಫೋಮ್ ನೀವೇ ಮಾಡಿ, ನಿಮಗೆ ಅದೇ ಲಾಭ. ಇಲ್ಲಿ ಎಲ್ಲರೂ ಕ್ಯಾಟಲಾಗ್ ನೋಡಿ ತರಿಸುದು, ಹಾಗಾಗಿ ಹೆಚ್ಚಿನವರಿಗೆ ಆಕಾರದ ಜ್ಞಾನವೇ ಬರುದಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಂಪೆನಿ ಸುಮಾರು 1900ರಿಂದ 1999ರವರೆಗೆ 40,000ಕ್ಕೂ ಮಿಕ್ಕಿ ಪ್ರಾಣಿಗಳನ್ನು ಮಾಡಿದ್ದು ಕಾಗದದ ರದ್ದಿಯ ಅಚ್ಚಿನ ಮೇಲೆ, ಅವರ ಹುಲಿಗಳು ಈಗಲೂ ಜೀವಂತ ಅಂತ ಕಾಣ್ತಾವೆ ಅಂದ್ರೆ ಅದು ಅಚ್ಚಿನ ಕೆಲಸದ ಗುಣ. ಚರ್ಮ ಸುಲಿದ ತಲೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗ್ದು, ಅದ್ರೊಳಗೆ ಕಾಗದ, ಅಂಟು ಪದರ ಪದರ ಹಾಕಿ. ಮೂರ್ತಿ ಮಾಡುವವರಿಗೆ ಇದನ್ನು ನಾನು ಕಲಿಸ್ಬೇಕಾಗಿಲ್ಲ. ಅಥವಾ ಮಲ್ಪೆಯಲ್ಲಿ ಫೈಬರ್ ಬೋಟಿನ ಕೆಲಸ ಮಾಡುವವರನ್ನು ಕೇಳಿ, ಎರಡು ದ್ರವ ಬೆರೆಸಿದ್ರೆ ಉಬ್ಬುವ ಪಿಯು ಫೋಮ್ ಎಲ್ಲಿ ಸಿಕ್ತದೆ ಅಂತ ಅವರಿಗೆ ಗೊತ್ತಿರ್ತದೆ.

ಕಾರ್ಕಳ ದನದ ಡಾಕ್ಟ್ರು:
ಅಚ್ಚಿನ ಮಾತಿಗೆ ಸೇರಿಸಿ ಒಂದು. ಮುಂಬೈ ಬೊರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಲ್ಲಿ 2009ರಲ್ಲಿ ವನ್ಯಜೀವಿ ಟ್ಯಾಕ್ಸಿಡರ್ಮಿ ಸೆಂಟರ್ ಶುರುವಾಯ್ತು, ಅರಣ್ಯ ಇಲಾಖೆಯ ಒಪ್ಪಿಗೆಯಲ್ಲಿ, ತಾನಾಗಿ ಸತ್ತ ಪ್ರಾಣಿಗಳಿಗೆ. ಅದನ್ನು ಕಟ್ಟಿದ ಡಾ. ಸಂತೋಷ್ ಗಾಯಕ್ವಾಡ್ ವೆಟರ್ನರಿ ಕಾಲೇಜಿನ ಅನಾಟಮಿ ಮೇಷ್ಟ್ರು. ಅನಾಟಮಿಯವರು ಈ ಕೆಲಸಕ್ಕೆ ಬಂದದ್ದು ಆಶ್ಚರ್ಯ ಅಲ್ಲ, ಚರ್ಮದ ಅಡಿಯಲ್ಲಿ ಯಾವ ಸ್ನಾಯು ಎಲ್ಲಿ ಉಬ್ತದೆ ಅಂತ ಗೊತ್ತಿದ್ದವರ ಕೈಯಲ್ಲಿ ಮಾತ್ರ ಪ್ರಾಣಿ ನಿಲ್ಲುದು. ಇವತ್ತಲ್ಲ ನಾಳೆ ನಿಮಗೆ ನಿಜವಾದ ಜಿಂಕೆ ಮೇಲೆ ಕೆಲಸ ಮಾಡ್ಲಿಕ್ಕೆ ಸಿಕ್ಕಿದ್ರೆ ಅದು ಇಂಥ ಸಂಸ್ಥೆಯ ಮೂಲಕವೇ, ಆಗ ತೋರಿಸ್ಲಿಕ್ಕೆ ಒಳ್ಳೆ ಆಡಿನ ಕೆಲಸ ಕೈಯಲ್ಲಿರ್ಬೇಕು.

ಅಲ್ಲಿವರೆಗೆ ಪಿಲಿಕುಳದ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ. ಅದು ಇರುವ ವಾಮಂಜೂರು ಎಷ್ಟು ದೂರ ನಿಮಗೆ? ಜಿಂಕೆ, ಕಡವೆಗಳ ಎದುರು ಸ್ಕೆಚ್ ಪುಸ್ತಕ ಹಿಡಿದು ನಿಂತು, ಅವು ಸದ್ದು ಕೇಳಿದಾಗ ಕಿವಿ ಯಾವ ಕೋನಕ್ಕೆ ತಿರುಗ್ತದೆ, ಮೆಲುಕು ಹಾಕುವಾಗ ದವಡೆ ಹೇಗೆ ಅಡ್ಡಕ್ಕೆ ಹೋಗ್ತದೆ, ಕುತ್ತಿಗೆ ತಿರುಗಿಸಿದಾಗ ಯಾವ ಕಡೆ ಚರ್ಮ ಮಡಚ್ತದೆ, ಇದನ್ನೆಲ್ಲ ಬಿಡಿಸಿ. ಬೆಳಿಗ್ಗೆ ಹೋದ್ರೆ ಓಡಾಡ್ತಾ ಇರ್ತವೆ. ಮಣಿಪಾಲದ ಅನಾಟಮಿ ಪೆಥಾಲಜಿ ಮ್ಯೂಸಿಯಂ ಕೂಡ ಬಿಡ್ಬೇಡಿ, ಪ್ರಾಣಿಗಳ ಅಸ್ಥಿಪಂಜರ ಹತ್ತಿರದಿಂದ ನೋಡ್ಲಿಕ್ಕಾಗ್ತದೆ.

ಗುತ್ತಿನ ಮನೆ ಮಗಳು:
ಮಧ್ಯೆ ಬರ್ತಿದ್ದೇನೆ, ಕ್ಷಮಿಸಿ. ನಮ್ಮ ಹಿರಿಯರ ಮನೆ ಚಾವಡಿಯಲ್ಲಿ ಅಜ್ಜನ ಕಾಲದ ಜಿಂಕೆ ತಲೆ ಉಂಟು, ಒಂದು ಕಿವಿ ಬಿರುಕು ಬಿಟ್ಟಿದೆ, ಕೂದಲಿಗೆ ಹುಳ ಹಿಡಿದಿದೆ. ಅದನ್ನು ಇಟ್ಕೊಳ್ಳುವ ಹಕ್ಕಿನ ಸರ್ಟಿಫಿಕೇಟ್ ಅಜ್ಜನ ಹೆಸರಲ್ಲಿ ಫೈಲಲ್ಲಿ ಉಂಟು ಅಂತ ಅಪ್ಪ ಹೇಳ್ತಾರೆ. ಇದನ್ನು ಕಾಪುವಿನ ಅಣ್ಣನಿಗೆ ರಿಪೇರಿಗೆ ಕೊಡ್ಬಹುದಾ, ಅವರಿಗೂ ಕಲಿತ ಹಾಗೆ ಆಗ್ತದೆ?

ಹಂಪನಕಟ್ಟೆ ವಕೀಲ:
ಕೊಡ್ಬೇಡಿ ಅಮ್ಮ. ಮೊದ್ಲು ಆ ಸರ್ಟಿಫಿಕೇಟ್ ತೆಗ್ದು ನೋಡಿ. ಪಿತ್ರಾರ್ಜಿತವಾಗಿ ಬರ್ಲಿಕ್ಕೆ ಕಾನೂನಲ್ಲಿ ಅವಕಾಶ ಉಂಟು, ಆದ್ರೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡ್ಬೇಕು. ಅದು ಆಗಿದೆಯಾ ಅಂತ ಅಪ್ಪನ ಹತ್ರ ಕೇಳಿ, ಆಗದಿದ್ರೆ ಒಬ್ಬ ವಕೀಲರನ್ನು ಕರ್ಕೊಂಡು ಅರಣ್ಯ ಇಲಾಖೆಗೆ ನೀವಾಗಿ ಹೋಗುದು ಒಳ್ಳೆದು. ರಿಪೇರಿಗೆ ಕೂಡ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಿಂದ ಹೊರಗೆ ಸಾಗಿಸ್ಬೇಡಿ.

ಕುಂದಾಪ್ರದವ ವಿಸ್ಕಾನ್ಸಿನ್:
ಮತ್ತೆ ಅದನ್ನು ಬಟ್ಟೆಯಲ್ಲಿ ಒರಸುದು, ಪೊರಕೆಯಲ್ಲಿ ಧೂಳು ಹೊಡೆಯುದು ಈಗಲೇ ನಿಲ್ಲಿಸಿ ತಂಗಿ. ಹಳೆ ಕಾಲದಲ್ಲಿ ಹುಳ ಬರ್ಬಾರ್ದು ಅಂತ ಚರ್ಮದ ಒಳಗೆ ಆರ್ಸೆನಿಕ್ ಸೋಪು ಹಚ್ತಿದ್ರು, ಅದು ನೂರು ವರ್ಷ ಆದ್ರೂ ವಿಷವೇ, ಬಿರುಕು ಬಿಟ್ಟ ಕಡೆಯಿಂದ ಹುಡಿಯಾಗಿ ಉದುರ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀರಿ.

ಮಲ್ಪೆ ಬೋಟ್:
ಆಡಿನ ಕೆಲಸ ಕಷ್ಟ ಆದ್ರೆ ಮೀನಿಂದ ಶುರು ಮಾಡಿ ಅಣ್ಣ, ಬಂಗುಡೆ ಬೇಡ ಸಣ್ಣ ಆಯ್ತು, ದೊಡ್ಡ ಮುರುಮೀನು ತಕೊಳ್ಳಿ, ಚರ್ಮ ಗಟ್ಟಿ, ಬೆಳಿಗ್ಗೆ ಬಂದರಿಗೆ ಬಂದ್ರೆ ನಾನೇ ಕೊಡಿಸ್ತೇನೆ. ಕಡಲ ಕುದುರೆ ಒಣಗಿಸಿ ಇಟ್ಕೊಳ್ಳುದು ಮಾತ್ರ ಬೇಡ, ಅದೂ ವನ್ಯಜೀವಿ ಕಾಯ್ದೆಯಲ್ಲಿ ಉಂಟು, ಗರಗಸ ಮೀನು, ತಿಮಿಂಗಿಲ ಶಾರ್ಕ್ ಕೂಡ ಹಾಗೆಯೇ. ಬಲೆಗೆ ಬಂದ್ರೆ ನಾವೇ ಪುನಃ ನೀರಿಗೆ ಬಿಡ್ತೇವೆ.

ಕಾಪು ಮೂರ್ತಿ ಕೆಲಸ:
ಬರ್ತೇನೆ ಅಣ್ಣ, ಮುರುಮೀನು ತೆಗ್ದಿಡಿ. ವಿಸ್ಕಾನ್ಸಿನ್ ಅಣ್ಣ, ಕೊನೆಯದಾಗಿ ಒಂದು, ಆಡಿನ ಚರ್ಮ ಮಳೆಗಾಲದಲ್ಲಿ ಮಾಡ್ಬಹುದಾ, ಅಲ್ಲ ಡಿಸೆಂಬರ್‌ವರೆಗೆ ಕಾಯ್ಬೇಕಾ? ಕಿವಿಯ ಮೃದು ಎಲುಬಿನ ಬದಲಿಗೆ ಎಂತ ಹಾಕುದು?

ಕುಂದಾಪ್ರದವ ವಿಸ್ಕಾನ್ಸಿನ್:
ಕಾಯುದು ಒಳ್ಳೆದು. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಗಾಳಿಯಲ್ಲೇ ನೀರು, ಉಪ್ಪು ಹಾಕಿದ ಚರ್ಮ ಒಣಗುದರ ಬದಲು ಗಾಳಿಯಿಂದ ನೀರು ಎಳ್ಕೊಳ್ತದೆ. ಆಗಲೇ ಮಾಡ್ಲೇಬೇಕು ಅಂತಾದ್ರೆ ಉಪ್ಪಲ್ಲಿ ಇಟ್ಟು ಕಾಯ್ಬೇಡಿ, ಒಂದು ದಿನದ ಉಪ್ಪು ಆದ ಕೂಡ್ಲೇ ಆಸಿಡ್ ನೀರಿಗೆ ಹಾಕಿ, ಆ ಪಿಎಚ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುದಿಲ್ಲ, ಒಣಗಿಸುದು ಎಸಿ ಕೋಣೆಯಲ್ಲಿ. ಪುರುಸೊತ್ತಿಲ್ಲದಿದ್ರೆ ಕಿವಿ, ತುಟಿ ಮುಚ್ಚಿ ಚರ್ಮ ಮಡಚಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಾಳಿ ತೆಗ್ದು ಫ್ರೀಜರಲ್ಲಿಡಿ, ಫ್ರಿಜ್ಜಿನ ಕೆಳಗಿನ ಭಾಗ ಸಾಕಾಗುದಿಲ್ಲ. ಕಿವಿಗೆ ಇಲ್ಲಿ ರೆಡಿ ಪ್ಲಾಸ್ಟಿಕ್ ಅಚ್ಚು ಸಿಕ್ತದೆ, ಅಲ್ಲಿ ಫೈಬರ್ ಮಾಡುವವರು ನೀವೇ ಇದ್ದೀರಲ್ಲ, ಬಿಡಿಸಿದ ಮೃದು ಎಲುಬು ಒದ್ದೆ ಇರುವಾಗಲೇ ಅದಕ್ಕೆ ಪ್ಲಾಸ್ಟರ್ ಅಚ್ಚು ತೆಗ್ದು ತೆಳ್ಳಗೆ ಫೈಬರ್ ಎರೆಯಿರಿ. ಎಡದ್ದು ಬಲದ್ದು ಗುರುತು ಹಾಕಿ ಇಡಿ, ಒಣಗಿದ ಮೇಲೆ ಯಾವುದು ಯಾವುದಂತ ಗೊತ್ತಾಗುದಿಲ್ಲ. ಮೊದಲ ಆಡು ಆದ ಮೇಲೆ ಫೋಟೋ ಹಾಕಿ, ಎದುರಿಂದ ಒಂದು, ಎರಡೂ ಬದಿಯಿಂದ ಒಂದೊಂದು, ಕಣ್ಣಿನದ್ದು ಹತ್ತಿರದಿಂದ, ಏನು ಸರಿಯಾಗ್ಬೇಕು ಅಂತ ನೋಡಿ ಹೇಳ್ತೆ.